ಅಮೆರಿಕದಲ್ಲಿ ಕೈರೊಪ್ರಾಕ್ಟಿಕ್ ಚಿಕಿತ್ಸಾಲಯದ ನಿರ್ವಹಣೆ

ಕೈರೊಪ್ರಾಕ್ಟಿಕ್ ಎಂಬುದು ಬೆನ್ನುಮೂಳೆ ಮತ್ತು ಕೀಲುಗಳ ನೋವಿಗೆ ಮುಖ್ಯವಾಗಿ ಕೈಗಳಿಂದ ಒತ್ತಡ ಕೊಟ್ಟು ಚಿಕಿತ್ಸೆ ಮಾಡುವ ಪದ್ಧತಿ. ಇದು ಹುಟ್ಟಿ ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಈ ವೃತ್ತಿಯವರಲ್ಲಿ ಬಹಳ ಮಂದಿ ಆಸ್ಪತ್ರೆಗಳ ನೌಕರರಲ್ಲ. ಒಬ್ಬಿಬ್ಬರು ಚಿಕಿತ್ಸಕರೂ ಕೆಲವೇ ಸಹಾಯಕರೂ ಇರುವ ಸಣ್ಣ ಚಿಕಿತ್ಸಾಲಯಗಳನ್ನು ತಾವೇ ನಡೆಸುತ್ತಾರೆ. ಹೀಗಾಗಿ ಚಿಕಿತ್ಸಕರು ಪರವಾನಗಿ, ವಿಮಾ ಕಂಪನಿಗಳ ಮಾನ್ಯತೆ, ಕ್ಲೇಮುಗಳ ಲೆಕ್ಕ, ರೋಗಿಗಳು ಮತ್ತೆ ಮತ್ತೆ ಬರುವಂತೆ ನೋಡಿಕೊಳ್ಳುವುದು ಇವೆಲ್ಲವನ್ನೂ ಬಲ್ಲವರಾಗಿರಬೇಕಾಗುತ್ತದೆ. ರೋಗಿ ಗುಣವಾಗಿ ಹೊರಡುವುದು ಚಿಕಿತ್ಸೆಯ ಗುರಿ. ರೋಗಿ ಮರಳಿ ಬರುತ್ತಿರುವುದು ಚಿಕಿತ್ಸಾಲಯದ ಆದಾಯ. ಈ ವೃತ್ತಿಯ ಬಹುತೇಕ ನಿಯಮಗಳೂ ವಿವಾದಗಳೂ ಈ ಎರಡರ ನಡುವಿನ ಜಗ್ಗಾಟದಿಂದಲೇ ಹುಟ್ಟಿವೆ.

ಗ್ರೀಕ್ ಭಾಷೆಯಲ್ಲಿ ಕೈ ಮತ್ತು ಕ್ರಿಯೆ ಎಂಬ ಅರ್ಥ ಕೊಡುವ ಎರಡು ಪದಗಳು ಕೂಡಿ ಈ ಹೆಸರು ಬಂದಿದೆ. ಕನ್ನಡದ ‘ಕೈ’ಗೂ ಇದಕ್ಕೂ ಇರುವ ಧ್ವನಿಸಾಮ್ಯ ಆಕಸ್ಮಿಕ; ಆದರೆ ನೆನಪಿಟ್ಟುಕೊಳ್ಳಲು ಅನುಕೂಲ. ಆಂಧ್ರಪ್ರದೇಶದ ಪುತ್ತೂರು ಕಟ್ಟಿನಂಥ ನಾಟಿ ಮೂಳೆವೈದ್ಯದೊಂದಿಗೆ ಇದನ್ನು ಸೇರಿಸಿ ನೋಡಬಾರದು. ಅಲ್ಲಿ ಮುರಿದ ಮೂಳೆಯನ್ನು ಕೂಡಿಸಿ ಕಟ್ಟುತ್ತಾರೆ. ಕೈರೊಪ್ರಾಕ್ಟಿಕ್‌ನಲ್ಲಿ ಮೂಳೆ ಮುರಿದಿರುವ ಜಾಗಕ್ಕೆ ಒತ್ತಡ ಕೊಡುವುದು ನಿಷಿದ್ಧ.

ಇತಿಹಾಸ ಮತ್ತು ಕಾನೂನಿನ ಮಾನ್ಯತೆ

ಕೆನಡಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ ಡೇನಿಯಲ್ ಡೇವಿಡ್ ಪಾಮರ್ (1845–1913) ಈ ಪದ್ಧತಿಯ ಸ್ಥಾಪಕರು. ಅಯೋವಾ ರಾಜ್ಯದ ಡೇವನ್‌ಪೋರ್ಟ್ ನಗರದಲ್ಲಿ 1895ರ ಸೆಪ್ಟೆಂಬರಿನಲ್ಲಿ, ತಮ್ಮ ಕಚೇರಿಯಿದ್ದ ಕಟ್ಟಡವನ್ನು ಶುಚಿಗೊಳಿಸುತ್ತಿದ್ದ ಹಾರ್ವೆ ಲಿಲಾರ್ಡ್ ಎಂಬವರ ಬೆನ್ನುಮೂಳೆಯನ್ನು ಒತ್ತಿ ಸರಿಪಡಿಸಿದ್ದರಿಂದ ಅವರ ಕಿವುಡುತನ ನಿವಾರಣೆಯಾಯಿತೆಂದು ಪಾಮರ್ ಹೇಳಿಕೊಂಡರು. ಈ ವಿವರಣೆಯನ್ನು ವೈದ್ಯವಿಜ್ಞಾನ ಒಪ್ಪಿಲ್ಲ. 1897ರಲ್ಲಿ ಅವರು ಅದೇ ನಗರದಲ್ಲಿ ಒಂದು ಶಾಲೆಯನ್ನು ತೆರೆದರು. ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ ಆರೋಪದ ಮೇಲೆ 1906ರಲ್ಲಿ ಜೈಲಿಗೂ ಹೋದರು. ಅವರ ಮಗ ಬಾರ್ಟ್ಲೆಟ್ ಜೋಶುವಾ ಪಾಮರ್ ಶಾಲೆಯನ್ನು ಬೆಳೆಸಿದರು.

ಕೈರೊಪ್ರಾಕ್ಟಿಕ್‌ಗೆ ಪರವಾನಗಿ ಕೊಡುವ ಕಾನೂನನ್ನು ಮೊದಲು ಮಾಡಿದ್ದು ಕ್ಯಾನ್ಸಸ್ ರಾಜ್ಯ, 1913ರಲ್ಲಿ. ಕೊನೆಯದು ಲೂಸಿಯಾನಾ, 1974ರಲ್ಲಿ. ಅಷ್ಟರ ನಡುವೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1963ರಲ್ಲಿ ಒಂದು ಸಮಿತಿಯನ್ನು ರಚಿಸಿ ಈ ವೃತ್ತಿಯನ್ನೇ ಅಡಗಿಸುವ ಪ್ರಯತ್ನ ನಡೆಸಿತು. ಇದರ ವಿರುದ್ಧ ಚೆಸ್ಟರ್ ವಿಲ್ಕ್ ಮತ್ತಿತರ ಕೈರೊಪ್ರಾಕ್ಟರರು 1976ರಲ್ಲಿ ಮೊಕದ್ದಮೆ ಹೂಡಿದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ ಅವರು ವೈದ್ಯರ ಸಂಘದ ಬಹಿಷ್ಕಾರವು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ತೀರ್ಪು ನೀಡಿದರು. ಮೇಲ್ಮನವಿ ನ್ಯಾಯಾಲಯ 1990ರಲ್ಲಿ ಅದನ್ನು ಎತ್ತಿಹಿಡಿಯಿತು. ಬಹಿಷ್ಕಾರ ತಪ್ಪೆಂದು ಈ ತೀರ್ಪು ಹೇಳಿತೇ ಹೊರತು ಚಿಕಿತ್ಸೆಯ ಪರಿಣಾಮಕ್ಕೆ ಅದು ಪ್ರಮಾಣಪತ್ರವಲ್ಲ ಎಂಬುದನ್ನು ಗಮನಿಸಬೇಕು.

ಶಿಕ್ಷಣ ಮತ್ತು ಪರವಾನಗಿ

ಕೈರೊಪ್ರಾಕ್ಟರ್ ಆಗಬಯಸುವವರು ಕಾಲೇಜಿನಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳಷ್ಟಾದರೂ ಓದಿದ ಬಳಿಕ, ಕನಿಷ್ಠ 4,200 ಗಂಟೆಗಳ ಬೋಧನೆಯುಳ್ಳ ಡಾಕ್ಟರ್ ಆಫ್ ಕೈರೊಪ್ರಾಕ್ಟಿಕ್ ಪದವಿಯನ್ನು ಪಡೆಯಬೇಕು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಅನಂತರ ತಾವು ನೆಲೆಸುವ ರಾಜ್ಯದ ಮಂಡಳಿಯಿಂದ ಪರವಾನಗಿ ಪಡೆಯಬೇಕು. ಪರವಾನಗಿ ರಾಜ್ಯಕ್ಕೆ ಸೀಮಿತ. ಅದರ ನವೀಕರಣಕ್ಕೆ ಬಹುತೇಕ ಕಡೆ ನಿಗದಿತ ಗಂಟೆಗಳ ಮುಂದುವರಿದ ಶಿಕ್ಷಣ ಕಡ್ಡಾಯ.

ಅರ್ಹತಾ ಪರಿಶೀಲನೆ

ಪರವಾನಗಿ ಕೈಗೆ ಬಂದೊಡನೆ ರೋಗಿಗಳನ್ನು ನೋಡಬಹುದು. ಆದರೆ ವಿಮಾ ಕಂಪನಿಯಿಂದ ಹಣ ಪಡೆಯಲಾಗದು. ಅದಕ್ಕೆ ಪ್ರತಿಯೊಂದು ಕಂಪನಿಯೂ ಚಿಕಿತ್ಸಕರ ಪೂರ್ವಾಪರಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ ತನ್ನ ಪಟ್ಟಿಗೆ ಸೇರಿಸಿಕೊಳ್ಳಬೇಕು. ಈ ಪ್ರಕ್ರಿಯೆಗೆ ಅಲ್ಲಿ ಕ್ರೆಡೆನ್ಷಿಯಲಿಂಗ್ ಎನ್ನುತ್ತಾರೆ. ಹೊಸ ಚಿಕಿತ್ಸಾಲಯಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಮೊದಲ ಹೆಜ್ಜೆ ಹತ್ತು ಅಂಕಿಗಳ ರಾಷ್ಟ್ರೀಯ ಗುರುತಿನ ಸಂಖ್ಯೆ. ಚಿಕಿತ್ಸಕರಿಗೆ ಒಂದು, ಅವರ ಸಂಸ್ಥೆಗೆ ಇನ್ನೊಂದು ಹೀಗೆ ಎರಡು ಬಗೆಯ ಸಂಖ್ಯೆಗಳಿವೆ; ಸಂಸ್ಥೆಯ ಹೆಸರಿನಲ್ಲಿ ಬಿಲ್ಲು ಮಾಡುವವರಿಗೆ ಎರಡೂ ಬೇಕು. ಎರಡನೆಯದಾಗಿ, ಸಿಎಕ್ಯೂಎಚ್ ಎಂಬ ಸಂಸ್ಥೆಯ ಗಣಕ ಕಡತದಲ್ಲಿ ಪದವಿ, ಪರವಾನಗಿ, ಉದ್ಯೋಗದ ಇತಿಹಾಸ, ವೃತ್ತಿಲೋಪದ ವಿಮೆ ಇವೆಲ್ಲವನ್ನೂ ತುಂಬಬೇಕು. ಬಹುತೇಕ ಖಾಸಗಿ ವಿಮಾ ಕಂಪನಿಗಳು ವಿವರಗಳನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ಕಡತದಲ್ಲಿರುವುದು ಸರಿಯಾಗಿದೆಯೆಂದು ಚಿಕಿತ್ಸಕರು ಸುಮಾರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ದೃಢೀಕರಿಸುತ್ತಿರಬೇಕು. ಅದನ್ನು ಮರೆತರೆ, ಬೇರೇನೂ ತಪ್ಪಿಲ್ಲದಿದ್ದರೂ ಅರ್ಜಿ ನಿಂತುಹೋಗುತ್ತದೆ.

ಅರ್ಜಿ ತಲುಪಿದ ಮೇಲೆ ಕಂಪನಿಯು ಪದವಿಯನ್ನು ಕಾಲೇಜಿನಿಂದಲೂ ಪರವಾನಗಿಯನ್ನು ರಾಜ್ಯ ಮಂಡಳಿಯಿಂದಲೂ ನೇರವಾಗಿ ಖಚಿತಪಡಿಸಿಕೊಳ್ಳುತ್ತದೆ. ಹಿಂದಿನ ಶಿಸ್ತುಕ್ರಮಗಳು ಮತ್ತು ಪರಿಹಾರದ ದಾವೆಗಳನ್ನು ತಿಳಿಯಲು ಕೇಂದ್ರ ಸರ್ಕಾರದ ದತ್ತಾಂಶ ಕೋಶವನ್ನು ನೋಡುತ್ತದೆ. ಉದ್ಯೋಗದ ಇತಿಹಾಸದಲ್ಲಿ ಆರು ತಿಂಗಳಿಗಿಂತ ಹೆಚ್ಚಿನ ಬಿಡುವಿದ್ದರೆ ವಿವರಣೆ ಕೇಳುತ್ತದೆ. ಹೆರಿಗೆ, ಕಾಯಿಲೆ, ವಲಸೆ ಯಾವ ಕಾರಣವೂ ತಪ್ಪಲ್ಲ; ಬರೆಯದೆ ಬಿಡುವುದು ತಪ್ಪು. ಒಂದು ಕಾಗದದಲ್ಲಿ ಮದುವೆಗೆ ಮುಂಚಿನ ಹೆಸರು, ಇನ್ನೊಂದರಲ್ಲಿ ಅನಂತರದ ಹೆಸರು ಇದ್ದರೂ, ಎರಡು ಕಡೆ ಎರಡು ವಿಳಾಸ ಇದ್ದರೂ ಕಡತ ಹಿಂದಿರುಗುತ್ತದೆ. ಇದಕ್ಕೆಲ್ಲ ಮೂರು ನಾಲ್ಕು ತಿಂಗಳು ಹಿಡಿಯುವುದು ಸಾಮಾನ್ಯ. ಇಷ್ಟಾದ ಮೇಲೂ ಆ ಊರಿನಲ್ಲಿ ಈಗಾಗಲೇ ಸಾಕಷ್ಟು ಕೈರೊಪ್ರಾಕ್ಟರರಿದ್ದಾರೆಂದು ಹೇಳಿ ಕಂಪನಿಯು ಬಾಗಿಲು ಮುಚ್ಚಬಹುದು.

ಅರ್ಹತೆ ಒಪ್ಪಿಗೆಯಾಗುವುದು ಬೇರೆ, ಒಪ್ಪಂದ ಜಾರಿಗೆ ಬರುವುದು ಬೇರೆ. ಒಪ್ಪಂದ ಜಾರಿಯಾದ ದಿನಾಂಕಕ್ಕೆ ಮುಂಚೆ ನೋಡಿದ ರೋಗಿಗಳಿಗೆ ಕಂಪನಿಯು ಸಾಮಾನ್ಯವಾಗಿ ಪಟ್ಟಿಯೊಳಗಿನ ದರದಲ್ಲಿ ಹಣ ಕೊಡುವುದಿಲ್ಲ. ಆ ಅವಧಿಯಲ್ಲಿ ಬಾಡಿಗೆಯೂ ಸಹಾಯಕರ ಸಂಬಳವೂ ನಿಲ್ಲುವುದಿಲ್ಲವಾದ್ದರಿಂದ, ಹೊಸದಾಗಿ ಸೇರಿದ ಚಿಕಿತ್ಸಕರು ನೋಡಿದ ರೋಗಿಗಳ ಬಿಲ್ಲನ್ನು ಪಟ್ಟಿಯಲ್ಲಿರುವ ಹಿರಿಯರ ಹೆಸರಿನಲ್ಲಿ ಕಳುಹಿಸುವ ಪ್ರಲೋಭನೆ ಹುಟ್ಟುತ್ತದೆ. ಇದನ್ನು ಸುಳ್ಳು ಕ್ಲೇಮು ಎಂದೇ ಪರಿಗಣಿಸಬಹುದಾಗಿದ್ದು, ಹಣ ವಾಪಸಾತಿ, ದಂಡ, ಪರವಾನಗಿಯ ರದ್ದತಿಯವರೆಗೂ ಹೋಗಬಹುದು. ಪಟ್ಟಿಗೆ ಸೇರಿದವರನ್ನೂ ಸುಮಾರು ಮೂರು ವರ್ಷಕ್ಕೊಮ್ಮೆ ಮರುಪರಿಶೀಲಿಸಲಾಗುತ್ತದೆ.

ಮೆಡಿಕೇರ್‌ನ ನಿಯಮಗಳು

65 ವರ್ಷ ದಾಟಿದವರಿಗಾಗಿ ಇರುವ ಸರ್ಕಾರಿ ವಿಮೆಯಾದ ಮೆಡಿಕೇರ್, 1972ರ ಕಾನೂನಿನ ಮೂಲಕ ಕೈರೊಪ್ರಾಕ್ಟಿಕ್ ಚಿಕಿತ್ಸೆಯನ್ನು ಒಳಗೊಂಡಿತು. ಆದರೆ ಒಂದೇ ಒಂದು ಸೇವೆಗೆ ಮಾತ್ರ: ಬೆನ್ನುಮೂಳೆಯನ್ನು ಕೈಯಿಂದ ಸರಿಪಡಿಸುವುದು. ಕೈರೊಪ್ರಾಕ್ಟರ್ ಮಾಡುವ ತಪಾಸಣೆಗೂ ಅವರು ತೆಗೆಸುವ ಎಕ್ಸ್‌ರೇಗೂ ಹಣ ಸಿಗುವುದಿಲ್ಲ. ವಿಚಿತ್ರವೆಂದರೆ, ಬಹುಕಾಲ ಎಕ್ಸ್‌ರೇ ಕಡ್ಡಾಯವಾಗಿತ್ತು, ಅದರ ಖರ್ಚು ಮಾತ್ರ ರೋಗಿಯದಾಗಿತ್ತು. 2000ದ ಜನವರಿಯಿಂದ ಆ ಕಡ್ಡಾಯ ಹೋಯಿತು. ಈಗ ನೋವು, ಅಸಮತೆ, ಚಲನೆಯ ವ್ಯತ್ಯಾಸ, ಸ್ನಾಯು ಮೊದಲಾದ ಮೃದುಭಾಗಗಳಲ್ಲಿನ ಬದಲಾವಣೆ ಎಂಬ ನಾಲ್ಕರಲ್ಲಿ ಎರಡನ್ನಾದರೂ ಪರೀಕ್ಷಿಸಿ ಬರೆದಿಡಬಹುದು. ಆ ಎರಡರಲ್ಲಿ ಒಂದು ಅಸಮತೆಯೋ ಚಲನೆಯದೋ ಆಗಿರಲೇಬೇಕು.

ಬಿಲ್ಲಿನಲ್ಲಿ ಚಿಕಿತ್ಸೆಯನ್ನು ಸಂಕೇತಸಂಖ್ಯೆಗಳಿಂದ ಸೂಚಿಸುತ್ತಾರೆ. ಬೆನ್ನುಮೂಳೆಯ ಒಂದೆರಡು ಭಾಗಗಳಿಗೆ 98940, ಮೂರು ನಾಲ್ಕು ಭಾಗಗಳಿಗೆ 98941, ಐದಕ್ಕೂ 98942. ಚಿಕಿತ್ಸೆಯಿಂದ ರೋಗಿಯ ಸ್ಥಿತಿ ಸುಧಾರಿಸುವ ನಿರೀಕ್ಷೆಯಿದ್ದರೆ ಅದರ ಮುಂದೆ ‘ಎಟಿ’ ಎಂಬ ಗುರುತು ಹಾಕಬೇಕು. ಸುಧಾರಣೆ ನಿಂತು, ಇರುವ ಸ್ಥಿತಿಯನ್ನು ಕಾಯ್ದುಕೊಳ್ಳಲೆಂದು ಮಾತ್ರ ಮಾಡುವ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಅಂಥ ಹಂತದಲ್ಲಿ ‘ಇದಕ್ಕೆ ಸರ್ಕಾರ ಹಣ ಕೊಡಲಾರದು, ನೀವೇ ಕೊಡಬೇಕಾಗಬಹುದು’ ಎಂಬ ನಿಗದಿತ ನಮೂನೆಗೆ ರೋಗಿಯ ಸಹಿಯನ್ನು ಮುಂಚಿತವಾಗಿ ಪಡೆಯಬೇಕು. ಇತರ ವೈದ್ಯರಂತೆ ಮೆಡಿಕೇರ್‌ನಿಂದ ಪೂರ್ಣವಾಗಿ ಹೊರಗುಳಿಯುವ ಆಯ್ಕೆ ಕೈರೊಪ್ರಾಕ್ಟರರಿಗೆ ಇಲ್ಲ.

ಈ ಗೆರೆಯನ್ನು ದಾಟುವುದು ಎಷ್ಟು ವ್ಯಾಪಕವೆಂಬುದನ್ನು ಅಮೆರಿಕದ ಆರೋಗ್ಯ ಇಲಾಖೆಯ ಮಹಾನಿರೀಕ್ಷಕರ ಕಚೇರಿ 2016ರ ವರದಿಯಲ್ಲಿ ತೋರಿಸಿತು. 2013ರಲ್ಲಿ ಮೆಡಿಕೇರ್ ಕೈರೊಪ್ರಾಕ್ಟಿಕ್‌ಗೆ ಕೊಟ್ಟ 43.81 ಕೋಟಿ ಡಾಲರುಗಳಲ್ಲಿ ಸುಮಾರು 35.88 ಕೋಟಿ, ಎಂದರೆ ಶೇಕಡಾ 82ರಷ್ಟು, ನಿಯಮಕ್ಕೆ ಒಳಪಡದ ಸೇವೆಗಳಿಗೆ ಸಂದಿತ್ತೆಂದು ಅದು ಅಂದಾಜಿಸಿತು. ಇದೆಲ್ಲವೂ ವಂಚನೆಯಲ್ಲ, ದಾಖಲೆ ಸರಿಯಾಗಿಲ್ಲದವೂ ಇದರಲ್ಲಿ ಸೇರುತ್ತವೆ. ಆದರೂ ಅವಶ್ಯಕತೆ ಮುಗಿದ ಮೇಲೂ ಮುಂದುವರಿದ ಚಿಕಿತ್ಸೆಯೇ ಆಕ್ಷೇಪದ ಮುಖ್ಯ ಅಂಶವಾಗಿತ್ತು.

ರೋಗಿಗಳನ್ನು ಉಳಿಸಿಕೊಳ್ಳುವುದು

ಪ್ರತಿಯೊಬ್ಬ ರೋಗಿ ಸರಾಸರಿ ಎಷ್ಟು ಸಲ ಬರುತ್ತಾನೆ ಎಂಬುದನ್ನು ಚಿಕಿತ್ಸಾಲಯಗಳು ಲೆಕ್ಕವಿಡುತ್ತವೆ. ಸಂಖ್ಯೆ ಕಡಿಮೆಯಾದರೆ ಹೊಸ ರೋಗಿಗಳಿಗಾಗಿ ಜಾಹೀರಾತಿನ ಖರ್ಚು ಏರುತ್ತದೆ. ಈ ವೃತ್ತಿಯಲ್ಲಿ ವ್ಯಾಪಾರ ಬೆಳೆಸುವ ಬೋಧನೆಗೆ ಹಳೆಯ ಪರಂಪರೆಯಿದೆ. ಜೇಮ್ಸ್ ಪಾರ್ಕರ್ 1951ರಲ್ಲಿ ಆರಂಭಿಸಿದ ಪಾರ್ಕರ್ ಸೆಮಿನಾರುಗಳು ಅದರಲ್ಲಿ ಪ್ರಸಿದ್ಧ.

ರೋಗಿಗಳು ಅರ್ಧಕ್ಕೆ ನಿಲ್ಲಿಸುವ ಕಾರಣಗಳು ಸರಳ. ನೋವು ಕಡಿಮೆಯಾಗಿರುತ್ತದೆ, ಪ್ರತಿ ಭೇಟಿಗೂ ಕೈಯಿಂದ ಕೊಡಬೇಕಾದ ಪಾಲು ಭಾರವಾಗುತ್ತದೆ, ಕೆಲಸ ಬಿಟ್ಟು ಬರಲಾಗುವುದಿಲ್ಲ, ಅಥವಾ ಎಷ್ಟು ದಿನ, ಏತಕ್ಕೆ ಎಂಬುದನ್ನು ಯಾರೂ ವಿವರಿಸಿರುವುದಿಲ್ಲ. ಒಳ್ಳೆಯ ಚಿಕಿತ್ಸಾಲಯಗಳು ಈ ಕೊನೆಯದನ್ನು ಮೊದಲು ಸರಿಪಡಿಸುತ್ತವೆ. ತಪಾಸಣೆಯ ಫಲಿತಾಂಶವನ್ನು ಬಿಡಿಸಿ ಹೇಳಿ, ‘ಬಾಗಿ ಚಪ್ಪಲಿ ಹಾಕಿಕೊಳ್ಳುವುದು’, ‘ಒಂದು ಗಂಟೆ ಕುಳಿತು ಕೆಲಸ ಮಾಡುವುದು’ ಎಂಬಂಥ ಅಳೆಯಬಹುದಾದ ಗುರಿಗಳನ್ನು ಬರೆದುಕೊಳ್ಳುತ್ತಾರೆ. ಕೆಲವು ವಾರಗಳಾದ ಮೇಲೆ ಮರುಪರೀಕ್ಷೆ ಮಾಡಿ, ಗುರಿ ಮುಟ್ಟಿದ್ದರೆ ನಿಲ್ಲಿಸುತ್ತಾರೆ, ಮುಟ್ಟದಿದ್ದರೆ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಕಲಿಸುತ್ತಾರೆ. ಹೀಗೆ ಬೇಗ ಬಿಡುಗಡೆ ಹೊಂದಿದ ರೋಗಿ ಮುಂದೆ ಬೆನ್ನು ಹಿಡಿದಾಗ ಅಲ್ಲಿಗೇ ಬರುವ, ನೆರೆಯವರನ್ನೂ ಕಳುಹಿಸುವ ಸಂಭವ ಹೆಚ್ಚೆಂಬುದು ಅನುಭವಸ್ಥರ ನಂಬಿಕೆ.

ಇನ್ನೊಂದು ಮಾರ್ಗ ಮುಂಗಡ ಹಣದ್ದು. ಮೊದಲ ಭೇಟಿಯಲ್ಲೇ ಎಕ್ಸ್‌ರೇ ತೋರಿಸಿ, ಬೆನ್ನುಮೂಳೆ ಸವೆಯುತ್ತಿದೆಯೆಂದು ಹೇಳಿ, ಹತ್ತಾರು ಭೇಟಿಗಳ ಹಣವನ್ನು ಒಟ್ಟಿಗೆ ಕಟ್ಟಿಸಿಕೊಳ್ಳುವ ರೂಢಿ ವೃತ್ತಿಯೊಳಗಿನವರಿಂದಲೇ ಟೀಕೆಗೆ ಗುರಿಯಾಗಿದೆ. ವಯಸ್ಸಾದಂತೆ ಬೆನ್ನುಮೂಳೆಯಲ್ಲಿ ಸವೆತ ಕಾಣುವುದು ನೋವಿಲ್ಲದವರಲ್ಲಿಯೂ ಸಾಮಾನ್ಯ. ಅಪಾಯದ ಲಕ್ಷಣಗಳಿಲ್ಲದ ಹೊಸ ಸೊಂಟನೋವಿಗೆ ಮೊದಲ ಆರು ವಾರ ಬೆನ್ನುಮೂಳೆಯ ಚಿತ್ರ ತೆಗೆಸಬೇಡಿರೆಂದು ಅಮೆರಿಕನ್ ಕೈರೊಪ್ರಾಕ್ಟಿಕ್ ಅಸೋಸಿಯೇಷನ್ 2017ರಲ್ಲಿ ತನ್ನ ಸದಸ್ಯರಿಗೆ ಸಲಹೆ ನೀಡಿತು. ವಿಮೆಯ ಗೊಡವೆಯೇ ಬೇಡವೆಂದು ತಿಂಗಳ ಚಂದಾ ಪಡೆದು ನಡೆಸುವ ‘ದಿ ಜಾಯಿಂಟ್’ನಂಥ ಸರಣಿ ಚಿಕಿತ್ಸಾಲಯಗಳೂ ಇವೆ. ಉಡುಗೊರೆ ಕೊಟ್ಟು ಮೆಡಿಕೇರ್ ರೋಗಿಗಳನ್ನು ಸೆಳೆಯುವುದಕ್ಕೆ ಕಾನೂನಿನ ತಡೆಯಿದೆ. 2016ರ ಕೊನೆಯಲ್ಲಿ ನಿಗದಿಯಾದ ಮಿತಿ ಒಂದು ಸಲಕ್ಕೆ 15 ಡಾಲರು, ವರ್ಷಕ್ಕೆ 75 ಡಾಲರು.

ದೀರ್ಘಕಾಲದ ಚಿಕಿತ್ಸೆಯಿಂದ ಪ್ರಯೋಜನವೇ ಇಲ್ಲವೆಂದು ಹೇಳಲಾಗದು. ಮರುಕಳಿಸುವ ಸೊಂಟನೋವಿದ್ದು ಮೊದಲ ಚಿಕಿತ್ಸೆಯಲ್ಲಿ ಚೆನ್ನಾಗಿ ಸುಧಾರಿಸಿದ 328 ಮಂದಿಯ ಮೇಲೆ ಸ್ವೀಡನ್ನಿನಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನೋವಿಲ್ಲದಾಗಲೂ ಕ್ರಮವಾಗಿ ಬಂದವರಿಗೆ, ನೋವು ಬಂದಾಗ ಮಾತ್ರ ಬಂದವರಿಗಿಂತ ವರ್ಷದಲ್ಲಿ ಸುಮಾರು 13 ದಿನ ಕಡಿಮೆ ನೋವಿತ್ತು. ಅದಕ್ಕಾಗಿ ಅವರು ಮಾಡಿದ ಹೆಚ್ಚುವರಿ ಭೇಟಿಗಳು ಸರಾಸರಿ ಎರಡಕ್ಕಿಂತಲೂ ಕಡಿಮೆ. ಕೆಲವು ರೋಗಿಗಳಿಗೆ ಇದು ನಿಜವಾದ ಲಾಭ. ಆದರೆ ಈ ಅಧ್ಯಯನವು ವಾರಕ್ಕೆ ಎರಡು ಮೂರು ಸಲ ತಿಂಗಳುಗಟ್ಟಲೆ ಬರುವ ಯೋಜನೆಗಳನ್ನು ಸಮರ್ಥಿಸುವುದಿಲ್ಲ. ಮೊದಲ ಚಿಕಿತ್ಸೆಯಲ್ಲಿ ಸುಧಾರಿಸದವರನ್ನು ಅದು ಸೇರಿಸಿಕೊಂಡೂ ಇರಲಿಲ್ಲ.

ಪರಿಣಾಮ ಮತ್ತು ಅಪಾಯ

ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಸೊಂಟನೋವಿಗೆ ಔಷಧಕ್ಕಿಂತ ಮುಂಚೆ ಪ್ರಯತ್ನಿಸಬಹುದಾದ ಕ್ರಮಗಳಲ್ಲಿ ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಸೇರಿಸಿದೆ. ಪರಿಣಾಮ ಸಾಧಾರಣ ಪ್ರಮಾಣದ್ದು. ಅಸ್ತಮಾ, ರಕ್ತದೊತ್ತಡ ಮೊದಲಾದ ಕಾಯಿಲೆಗಳು ಇದರಿಂದ ವಾಸಿಯಾಗುತ್ತವೆಂಬ ಪ್ರಚಾರಕ್ಕೆ ದೃಢವಾದ ಆಧಾರವಿಲ್ಲ. ಚಿಕಿತ್ಸೆಯ ನಂತರ ಒಂದೆರಡು ದಿನ ಮೈನೋವು ಸಾಮಾನ್ಯ. ಕುತ್ತಿಗೆಯ ಚಿಕಿತ್ಸೆಯ ಬಳಿಕ ಅಲ್ಲಿನ ರಕ್ತನಾಳ ಸೀಳಿ ಪಾರ್ಶ್ವವಾಯುವಾದ ವಿರಳ ಪ್ರಕರಣಗಳು ವರದಿಯಾಗಿವೆ. ಸೀಳು ಚಿಕಿತ್ಸೆಯಿಂದ ಆದದ್ದೋ, ಮೊದಲೇ ಇದ್ದ ಸೀಳಿನ ನೋವಿಗಾಗಿ ರೋಗಿ ಅಲ್ಲಿಗೆ ಬಂದದ್ದೋ ಎಂಬ ಚರ್ಚೆ ಮುಗಿದಿಲ್ಲ. ಹಠಾತ್ತನೆ ಬಂದ ತೀವ್ರ ಕುತ್ತಿಗೆನೋವು ಅಥವಾ ತಲೆನೋವು, ಕಾಲುಗಳಲ್ಲಿ ಹೆಚ್ಚುತ್ತಿರುವ ನಿಶ್ಶಕ್ತಿ, ಮಲಮೂತ್ರಗಳ ಮೇಲೆ ಹಿಡಿತ ತಪ್ಪುವುದು, ಹಿಂದೆ ಕ್ಯಾನ್ಸರ್ ಇದ್ದದ್ದು ಇಂಥ ಸಂದರ್ಭಗಳಲ್ಲಿ ಕೈರೊಪ್ರಾಕ್ಟರ್ ಒತ್ತಡದ ಚಿಕಿತ್ಸೆಗೆ ಕೈಹಾಕದೆ ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸಬೇಕು.