ಬಳೆ ಮತ್ತು ಉತಾರ

ಕುರುಂದವಾಡದ ನೆರೆಯ ಹೇರವಾಡದ ಹೆಸರು 2022ರ ಮೇ ತಿಂಗಳಿಗಿಂತ ಮೊದಲು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಆಚೆ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಮೇ 4ರಂದು ಅಲ್ಲಿನ ಗ್ರಾಮ ಪಂಚಾಯಿತಿ ಒಂದು ಠರಾವು ಪಾಸು ಮಾಡಿತು. ಗಂಡ ತೀರಿಕೊಂಡಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ಹರಿಯುವುದು, ಕಾಲುಂಗುರ ತೆಗೆಸುವುದು ಇನ್ನು ಈ ಊರಲ್ಲಿ ಬೇಡ ಎಂಬುದು ಅದರ ಸಾರ. ಈ ವಿಚಾರಕ್ಕೆ ಒತ್ತಾಸೆಯಾಗಿ ನಿಂತದ್ದು ಸೊಲ್ಲಾಪುರ ಜಿಲ್ಲೆಯ ಕರಮಾಳಾದ ಮಹಾತ್ಮಾ ಫುಲೆ ಸಮಾಜ ಸೇವಾ ಮಂಡಳ. ಎರಡು ವಾರ ತುಂಬುವುದರೊಳಗೆ, ಮೇ 17ಕ್ಕೆ, ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳೂ ಹೇರವಾಡದ ದಾರಿ ಹಿಡಿಯಲಿ ಎಂದು ಸುತ್ತೋಲೆ ಹೊರಡಿಸಿತು. ವಿಧವಾ ಮರುಮದುವೆಗೆ ಕಾಯ್ದೆ ತಂದ ಕೊಲ್ಹಾಪುರದ ಶಾಹೂ ಮಹಾರಾಜರು ತೀರಿಕೊಂಡು ಆ ಮೇ 6ಕ್ಕೆ ಸರಿಯಾಗಿ ನೂರು ವರ್ಷ.

ಠರಾವಿನ ಸುದ್ದಿ ಹಬ್ಬಿದಂತೆ ಹಳೆಯ ವಾದಗಳೂ ಎದ್ದು ಕೂತವು. ಅವುಗಳಲ್ಲಿ ಕೆಲವು ಅರೆಸತ್ಯ, ಕೆಲವು ಶುದ್ಧ ಹುಸಿ.

“ಇದು ಅನಾದಿ ಕಾಲದ್ದು, ಎಲ್ಲರ ಶಾಸ್ತ್ರ” ಎಂಬುದು ಮೊದಲನೆಯದು. ಶಾಸ್ತ್ರವೇ ಒಂದೇ ಮಾತು ಹೇಳುವುದಿಲ್ಲ. ಮನುಸ್ಮೃತಿ ವಿಧವೆಯ ಮರುಮದುವೆ ಒಪ್ಪುವುದಿಲ್ಲ. ಈಶ್ವರಚಂದ್ರ ವಿದ್ಯಾಸಾಗರರು ಮರುಮದುವೆಯ ಪರ ವಾದಿಸುವಾಗ ಕೈಗೆತ್ತಿಕೊಂಡದ್ದು ಪರಾಶರ ಸ್ಮೃತಿಯನ್ನು. ಶಾಸ್ತ್ರ ಬಿಟ್ಟು ರೂಢಿಗೆ ಬಂದರೆ ಚಿತ್ರ ಇನ್ನೂ ಬೇರೆ. ಕೃಷ್ಣೆಯ ಈ ಕಡೆಯ ಒಕ್ಕಲು ಮಕ್ಕಳಲ್ಲಿ, ಲಿಂಗಾಯತರ ಹಲವು ಪಂಗಡಗಳಲ್ಲಿ ಉಡಿಕಿ ಎಂಬ ಮರುಮದುವೆ ಇತ್ತು. ಮರಾಠಿ ಮನೆಗಳಲ್ಲಿ ಅದೇ ಪಾಟ. ಬಹುಮಟ್ಟಿಗೆ ರಾತ್ರಿ ಹೊತ್ತು, ಸದ್ದುಗದ್ದಲವಿಲ್ಲದೆ, ನಾಲ್ಕು ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ಮುಗಿಸುತ್ತಿದ್ದರು. ಹಾಗೆ ಕೂಡಿದವಳಿಗೆ ಕೆಲವು ಮಂಗಳಕಾರ್ಯಗಳಲ್ಲಿ ಮುಂದಿನ ಸಾಲು ಸಿಗುತ್ತಿರಲಿಲ್ಲ, ನಿಜ. ಆದರೆ ಸಂಸಾರ ಸಿಗುತ್ತಿತ್ತು. ಮರಾಠ ಆಡಳಿತ ಇಂಥ ಮದುವೆಗಳ ಮೇಲೆ ‘ಪಾಟದಾಮ’ ಎಂಬ ತೆರಿಗೆಯನ್ನೇ ವಸೂಲು ಮಾಡುತ್ತಿತ್ತು. ಎಲ್ಲೋ ಅಪರೂಪಕ್ಕೊಮ್ಮೆ ನಡೆಯುವ ಸಂಗತಿಗೆ ಸರ್ಕಾರ ತೆರಿಗೆ ಹಾಕುವ ಗೋಜಿಗೆ ಹೋಗುವುದಿಲ್ಲ. ತಲೆ ಬೋಳಿಸಿ ಮೂಲೆಗೆ ಕೂರಿಸುವುದು ಮುಖ್ಯವಾಗಿ ಬ್ರಾಹ್ಮಣ ಮನೆಗಳ ಕಟ್ಟಳೆಯಾಗಿತ್ತು. ನಾಲ್ಕು ಕಾಸು ಕೂಡಿಟ್ಟು ದೊಡ್ಡವರೆನಿಸಿಕೊಳ್ಳಬೇಕೆಂದ ಬೇರೆ ಮನೆತನಗಳು “ನಮ್ಮಲ್ಲಿ ಉಡಿಕಿ ಇಲ್ಲ” ಎನ್ನಲು ಶುರುಮಾಡಿದ್ದು ಆಮೇಲೆ. ಅನಾದಿ ಎಂದು ಹೇಳಿಕೊಳ್ಳುವ ಎಷ್ಟೋ ಕಟ್ಟುಗಳು ಹೀಗೆ ಅಜ್ಜನ ಕಾಲದಲ್ಲಿ ಒಳಗೆ ಬಂದವು.

“ಬಳೆ, ಕುಂಕುಮ ಗಂಡ ಕೊಟ್ಟದ್ದು, ಅವನ ಜೊತೆಗೇ ಹೋಗಬೇಕು.” ಇದಕ್ಕೆ ಉತ್ತರ ಪ್ರತಿ ಮನೆಯ ತೊಟ್ಟಿಲಲ್ಲೇ ಇದೆ. ನಾಮಕರಣಕ್ಕೆ ಕೂಸಿನ ಕೈಗೆ ಬಳೆ ತೊಡಿಸುವವರು ತಾಯಿಯೋ ಸೋದರತ್ತೆಯೋ. ಶಾಲೆಗೆ ಹೊರಟ ಹುಡುಗಿ ಹಣೆಗೆ ಇಟ್ಟುಕೊಳ್ಳುವುದು ಯಾವ ಗಂಡ ಕೊಟ್ಟ ಕುಂಕುಮ? ಮದುವೆಯಿಂದ ಬರುವುದು ತಾಳಿ, ಕಾಲುಂಗುರ. ಉಳಿದದ್ದು ಅವಳು ತವರಿನಿಂದ ತಂದದ್ದು. ಆದರೂ ಹೆಣ ಎತ್ತುವ ಮುಂಚೆ ಅವಳನ್ನು ಕೂರಿಸಿ, ಮುಂಗೈ ಹಿಡಿದು, ಒಂದಕ್ಕೊಂದು ಬಡಿಸಿ ಗಾಜು ಪುಡಿ ಮಾಡುತ್ತಾರೆ. ಎಷ್ಟೋ ಸಲ ಚರ್ಮ ಕಿತ್ತು ರಕ್ತ ಬರುತ್ತದೆ. ಹಿಡಿಯುವ ಕೈ ಬಹಳ ಸಲ ಇನ್ನೊಬ್ಬ ವಿಧವೆಯದೇ ಆಗಿರುತ್ತದೆ, ಆ ಕೆಲಸಕ್ಕೆ ಮುತ್ತೈದೆಯರು ಒಲ್ಲೆನ್ನುತ್ತಾರೆ.

ಬಳೆಗೆ ಇಷ್ಟು ಭಾರ ಬಂದದ್ದರ ಗುರುತು ನಮ್ಮ ಮಾಸ್ತಿಕಲ್ಲುಗಳ ಮೇಲಿದೆ. ಸತಿ ಹೋದವಳ ಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಒಂದು ತೋಳು, ಮೇಲೆತ್ತಿದ ಹಸ್ತ, ಮುಂಗೈ ತುಂಬ ಒಡೆಯದ ಬಳೆ. ಸತ್ತರೆ ಬಳೆ ಉಳಿಯುತ್ತದೆ, ಬದುಕಿದರೆ ಒಡೆಯುತ್ತದೆ ಎಂಬ ಲೆಕ್ಕವನ್ನು ಶಿಲ್ಪಿ ಕಲ್ಲಿನಲ್ಲೇ ಕೊರೆದಿಟ್ಟಿದ್ದಾನೆ.

“ಶುಭಕಾರ್ಯಕ್ಕೆ ವಿಧವೆ ಎದುರಾದರೆ ಅಪಶಕುನ.” ಹಾಗಾದರೆ ಕೊಲ್ಹಾಪುರ ಸಂಸ್ಥಾನವೇ ಅಪಶಕುನದಿಂದ ಹುಟ್ಟಿತೆನ್ನಬೇಕು. 1700ರಲ್ಲಿ ಮರಾಠ ದೊರೆ ರಾಜಾರಾಮ ತೀರಿಕೊಂಡಾಗ ಅವನ ಹೆಂಡತಿ ತಾರಾಬಾಯಿಗೆ ಸುಮಾರು 25 ವರ್ಷ. ಎಳೆಯ ಮಗನನ್ನು ಪಟ್ಟಕ್ಕೆ ಕೂರಿಸಿ, ಔರಂಗಜೇಬ ಸಾಯುವ 1707ರವರೆಗೂ ಅವನ ವಿರುದ್ಧ ಯುದ್ಧ ನಡೆಸಿದವಳು ಆಕೆ. ಕೊಲ್ಹಾಪುರದ ಗಾದಿಯ ಮೂಲವೂ ಆಕೆಯೇ. ಕಾವಳಾ ನಾಕಾದಲ್ಲಿ ಕುದುರೆ ಏರಿದ ಆಕೆಯ ಪ್ರತಿಮೆಯ ಮುಂದೆಯೇ ಮದುವೆಯ ದಿಬ್ಬಣದ ಗಾಡಿಗಳು ಹೋಗುತ್ತವೆ, ಯಾರೂ ಹಿಂದಿರುಗುವುದಿಲ್ಲ. ಅದೇ ರಾಜಾರಾಮ 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಆಸರೆ ಕೊಟ್ಟವಳು ಕೆಳದಿ ಚೆನ್ನಮ್ಮ. ಗಂಡ ಸೋಮಶೇಖರ ನಾಯಕ ಹೋದ ಮೇಲೆ ಗದ್ದುಗೆ ಏರಿದವಳು. 1824ರಲ್ಲಿ ಇಂಗ್ಲಿಷರ ಥ್ಯಾಕರೆಯ ಪಡೆಯನ್ನು ಸೋಲಿಸಿದ ಕಿತ್ತೂರು ಚೆನ್ನಮ್ಮನ ಗಂಡ ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. ನಾವು ಜಯಂತಿ ಮಾಡಿ, ಫ್ಲೆಕ್ಸ್ ಕಟ್ಟಿ, ಹಾರ ಹಾಕುವ ಈ ರಾಣಿಯರೆಲ್ಲ ಆಳಿದ್ದು ವಿಧವೆಯರಾಗಿ. ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಮಾತ್ರ ಪಕ್ಕದ ಮನೆಯ ವಿಧವೆಯನ್ನು ಕರೆಯುವುದಿಲ್ಲ.

“ನಮ್ಮ ದೇಶದಲ್ಲಷ್ಟೇ ಹೀಗೆ” ಎಂಬ ಮಾತೂ ಪೂರಾ ನಿಜವಲ್ಲ. ಚೀನಾದ ಮಿಂಗ್, ಚಿಂಗ್ ಅರಸರು ಮರುಮದುವೆಯಾಗದೆ ಉಳಿದ ವಿಧವೆಯರ ಹೆಸರಲ್ಲಿ ಕಲ್ಲಿನ ಕಮಾನು ಕಟ್ಟಿಸುತ್ತಿದ್ದರು. ಗೌರವದ ಹೆಸರಲ್ಲಿ ಅದೂ ಒಂದು ಬೇಲಿ. ವಿಕ್ಟೋರಿಯಾ ರಾಣಿ 1861ರಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ ಸಾಯುವವರೆಗೂ ಕಪ್ಪು ಬಟ್ಟೆ ಬಿಡಲಿಲ್ಲ. ಆದರೆ ಇಸ್ಲಾಮಿನಲ್ಲಿ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಎಂಬ ಕಾಯುವ ಅವಧಿ ಮುಗಿದರೆ ಮರುಮದುವೆಗೆ ತಡೆಯಿಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ: “ಇಂಗ್ಲಿಷರು 1856ರಲ್ಲಿ ಕಾಯ್ದೆ ತಂದು ವಿಧವೆಯರನ್ನು ಬಿಡಿಸಿದರು.” ಕಾಯ್ದೆ ಬಂದದ್ದು ಖರೆ, ಮರುಮದುವೆ ಕಾನೂನುಬದ್ಧವಾದದ್ದೂ ಖರೆ. ಆದರೆ ಅದರ ಎರಡನೆಯ ಕಲಮಿನಲ್ಲೇ ಮುಳ್ಳಿತ್ತು: ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಕಳೆದುಕೊಳ್ಳುತ್ತಾಳೆ. ಮೊದಲಿನಿಂದಲೂ ಉಡಿಕಿ ಇದ್ದ ಜಾತಿಗಳಿಗೂ ಇದು ಅನ್ವಯವೇ ಎಂಬ ಪ್ರಶ್ನೆ ಬಂದಾಗ ಮುಂಬಯಿ ಹೈಕೋರ್ಟ್ 1896ರ ವಿಠು-ಗೋವಿಂದ ಮೊಕದ್ದಮೆಯಲ್ಲಿ ಹೌದು ಎಂದಿತು. ಅಲಹಾಬಾದ್ ಹೈಕೋರ್ಟ್ ಒಪ್ಪಲಿಲ್ಲ. ಬೆಳಗಾವಿ, ಧಾರವಾಡ ಆಗ ಮುಂಬಯಿಯ ವ್ಯಾಪ್ತಿಯಲ್ಲಿದ್ದವು. ಮರುಮದುವೆಗೆ ಯಾವ ಕಾಯ್ದೆಯೂ ಬೇಕಿರದ ಹೆಂಗಸರು ಕಾಯ್ದೆಯ ಹೆಸರಲ್ಲಿ ಹೊಲ ಬಿಟ್ಟುಕೊಡುವಂತಾಯಿತು.

ಮಾಡಿದ್ದನ್ನೆಲ್ಲ ಹೊರಗಿನವರೇ ಮಾಡಿದರು ಎನ್ನುವುದೂ ತಪ್ಪು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಸ್ವತಃ ವಿಧವೆ. ಆ ಸದನದಲ್ಲಿ ಓದಿದ ವಿಧವೆ ಗೋದುಬಾಯಿಯನ್ನು ಧೋಂಡೊ ಕೇಶವ ಕರ್ವೆ 1893ರಲ್ಲಿ ಮದುವೆಯಾದರು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲೇ ವಿಧವಾ ಮರುಮದುವೆಯ ಕಾಯ್ದೆ ತಂದರು.

ಇನ್ನು “ಠರಾವು ಆಯಿತು, ಪದ್ಧತಿ ಮುಗಿಯಿತು” ಎನ್ನುವವರಿಗೆ: ಪಂಚಾಯಿತಿಯ ಠರಾವು ಕಾಯ್ದೆಯಲ್ಲ, ಸರ್ಕಾರದ ಸುತ್ತೋಲೆಯೂ ಕಾಯ್ದೆಯಲ್ಲ. ಠರಾವಿಗಿರುವ ಬಲ ಊರಿನ ಮಾತಿನ ಬಲ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಬಳೆ ಒಡೆಸಿದ್ದೂ ಊರಿನ ಮಾತೇ ಆಗಿತ್ತು. “ಬಸವಣ್ಣನವರು ಆಗಲೇ ಬಿಡಿಸಿದ್ದಾರೆ, ನಮ್ಮಲ್ಲಿ ಇಂಥದ್ದಿಲ್ಲ” ಎನ್ನುವ ಮನೆಗಳಲ್ಲೂ ಗಂಡ ಸತ್ತ ದಿನ ಗಾಜು ಚೂರಾಗುವುದನ್ನು ಕಂಡವರು ಇದ್ದಾರೆ.

ಆದರೆ ಬಳೆ ಕಣ್ಣಿಗೆ ಬೀಳುತ್ತದೆ, ಜಮೀನಿನ ಉತಾರ ಬೀಳುವುದಿಲ್ಲ. ಗಂಡ ಸತ್ತವಳಿಗೆ ಜೀವನಾಂಶವಷ್ಟೇ, ಮರುಮದುವೆಯಾದರೆ ಅದೂ ಇಲ್ಲ ಎಂದು ಇವತ್ತಿಗೂ ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬೇರೆ ಹೇಳುತ್ತದೆ. ಲಿಂಗಾಯತರಿಗೂ ಜೈನರಿಗೂ ಅದೇ ಕಾಯ್ದೆ. ಉಯಿಲು ಬರೆಯದೆ ಸತ್ತವನಿಗೆ ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರೆ ಅವನ ಪಾಲು ಐದು ಸಮಭಾಗವಾಗುತ್ತದೆ. ಹೆಂಡತಿಗೆ ಐದರಲ್ಲಿ ಒಂದು, ಪೂರ್ಣ ಒಡೆತನದ್ದು. ಹಾಗೆ ಬಂದ ಆಸ್ತಿ ಆಮೇಲೆ ಮರುಮದುವೆಯಾದರೂ ಹೋಗುವುದಿಲ್ಲ. 1856ರ ಕಾಯ್ದೆಯನ್ನೇ 1983ರಲ್ಲಿ ರದ್ದು ಮಾಡಲಾಗಿದೆ. ಮುಸ್ಲಿಂ ವಿಧವೆಗೆ ಮಕ್ಕಳಿದ್ದರೆ ಎಂಟರಲ್ಲಿ ಒಂದು, ಇಲ್ಲದಿದ್ದರೆ ನಾಲ್ಕರಲ್ಲಿ ಒಂದು ಪಾಲು.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಓಣಿಯಲ್ಲಿ ಯಾರ ಗಂಡನಾದರೂ ತೀರಿಕೊಂಡರೆ ಬಳೆ ಒಡೆಯಲು ಬಿಡಬೇಡಿ. ಮರಣ ದಾಖಲೆ ಕೈಗೆ ಬಂದ ಮೇಲೆ ಅವಳ ಜೊತೆ ತಲಾಠಿಯ ಕಚೇರಿಗೆ ಹೋಗಿ, ಸಾತಬಾರಾ ಉತಾರದಲ್ಲಿ ವಾರಸುದಾರಳೆಂದು ಅವಳ ಹೆಸರು ಹತ್ತಿದೆಯೇ ನೋಡಿ. ದಿನಕರ್ಮದ ಊಟ ಮುಗಿಯುವ ಮೊದಲೇ ಯಾರಾದರೂ ಪಾಲು ಬಿಟ್ಟುಕೊಡುವ ಹಕ್ಕುಸೋಡ ಪತ್ರ ಮುಂದಿಟ್ಟರೆ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡ ಎಂದು ಹೇಳಿ.