ಗರ್ಭಸ್ಥಾಪನೌಷಧವೂ ಅನ್ವಯವ್ಯತಿರೇಕವಿಚಾರವೂ

ಗರ್ಭವು ನಾಲ್ಕನೆಯ ತಿಂಗಳವರೆಗೆ ಜಾರಿದರೆ ಸ್ರಾವವೆಂದೂ ಐದಾರನೆಯ ತಿಂಗಳುಗಳಲ್ಲಿ ಬಿದ್ದರೆ ಪಾತವೆಂದೂ ನಮ್ಮ ವೈದ್ಯಶಾಸ್ತ್ರದ ವಿಭಾಗ. ಇವೆರಡನ್ನೂ ತಡೆಯಬಲ್ಲದೆಂದು ಪಾಶ್ಚಾತ್ಯರು ನಂಬಿದ ಒಂದು ಔಷಧದ ವೃತ್ತಾಂತವು ತರ್ಕದ ದೃಷ್ಟಿಯಿಂದಲೂ ವಿಚಾರಾರ್ಹವಾಗಿದೆ.

೧೯೩೮ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸರೂ ಅವರ ಸಹೋದ್ಯೋಗಿಗಳೂ ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ಪ್ರಕಟಿಸಿದರು. ಇದು ಸ್ತ್ರೀಶರೀರದಲ್ಲಿ ಸಹಜವಾಗಿರುವ ಈಸ್ಟ್ರೋಜನ್ನಿನ ಕಾರ್ಯವನ್ನೇ ಮಾಡುವುದು; ಗುಳಿಗೆಯಾಗಿ ನುಂಗಬಹುದು; ಬೆಲೆಯೂ ಅಲ್ಪ. ಹಾರ್ಮೋನಿನ ಕೊರತೆಯೇ ಗರ್ಭನಾಶಕ್ಕೆ ಕಾರಣವೆಂದು ತಿಳಿದ ಬಾಸ್ಟನ್ನಿನ ಸ್ಮಿತ್ ದಂಪತಿಗಳು ಇದನ್ನು ಗರ್ಭಿಣಿಯರಿಗೆ ವಿಧಿಸಿದರು. ಔಷಧವನ್ನು ಸೇವಿಸಿದವರಲ್ಲಿ ಅನೇಕರು ಸುಖವಾಗಿ ಹಡೆದರು. ಸೇವಿಸದೆ ಇದ್ದಿದ್ದರೂ ಅವರು ಹಡೆಯುತ್ತಿರಲಿಲ್ಲವೇ? ಅನ್ವಯವೊಂದನ್ನೇ ಕಂಡು ವ್ಯತಿರೇಕವನ್ನು ಕೇಳದವನನ್ನು ನಮ್ಮ ಪಾಠಶಾಲೆಗಳಲ್ಲಿ ಬಾಲರೂ ನಗುವರು; ಆದರೆ ಕೂಸಿನ ಆಸೆಯ ಮುಂದೆ ಈ ಪ್ರಶ್ನೆ ಏಳುವುದು ಕಷ್ಟ.

ಅದನ್ನು ಕೇಳಿದವರು ಶಿಕಾಗೋದ ಡೀಕ್‌ಮನ್ನರು. ೮೪೦ ಮಂದಿ ಗರ್ಭಿಣಿಯರಿಗೆ ಔಷಧವನ್ನೂ ೮೦೬ ಮಂದಿಗೆ ನಿಸ್ಸತ್ತ್ವವಾದ ಗುಳಿಗೆಯನ್ನೂ ಕೊಟ್ಟು ನೋಡಿ, ಔಷಧದಿಂದ ಪ್ರಯೋಜನವಿಲ್ಲವೆಂದು ೧೯೫೩ರಲ್ಲಿ ತಿಳಿಸಿದರು. ಆದಾಗ್ಯೂ ಅಮೆರಿಕದ ವೈದ್ಯರು ಮತ್ತೆ ಹದಿನೆಂಟು ವರ್ಷ ಅದನ್ನು ಬರೆದುಕೊಡುತ್ತಲೇ ಇದ್ದರು. ನನ್ನ ಮನಸ್ಸಿಗೆ ಈ ವೃತ್ತಾಂತದಲ್ಲೆಲ್ಲ ಅತ್ಯಂತ ದುಸ್ಸಹವಾದದ್ದು ಈ ಹದಿನೆಂಟು ವರ್ಷಗಳೇ.

ಅಷ್ಟರಲ್ಲಿ ಬಾಸ್ಟನ್ನಿನಲ್ಲಿ, ಪ್ರಾಯದ ಹೆಣ್ಣುಮಕ್ಕಳಲ್ಲಿ ಬಹಳ ವಿರಳವಾದ ಯೋನಿಯ ಅರ್ಬುದವು ಎಂಟು ಮಂದಿಯಲ್ಲಿ ಕಾಣಿಸಿತು. ಇದಕ್ಕೆ ತಾನು ಸೇವಿಸಿದ ಔಷಧವು ಕಾರಣವಾಗಿರಬಹುದೇ ಎಂದು ಮೊದಲು ಕೇಳಿದವಳು ಒಬ್ಬ ತಾಯಿ. ಹರ್ಬ್ಸ್ಟ್, ಉಲ್ಫೆಲ್ಡರ್, ಪೊಸ್ಕಾಂಜರ್ ಎಂಬ ಮೂವರು ಪ್ರತಿಯೊಬ್ಬ ರೋಗಿಗೂ ಹೋಲಿಕೆಯಾಗಿ, ಆಕೆ ಹುಟ್ಟಿದ ಆಸ್ಪತ್ರೆಯಲ್ಲಿಯೇ ಆಸುಪಾಸಿನ ದಿನಗಳಲ್ಲಿ ಹುಟ್ಟಿದ ನಾಲ್ವರನ್ನು ಆರಿಸಿದರು. ರೋಗಿಗಳ ಎಂಟು ತಾಯಂದಿರಲ್ಲಿ ಏಳು ಮಂದಿ ಬಸುರಿನ ಮೊದಲ ಮೂರು ತಿಂಗಳೊಳಗೆ ಔಷಧವನ್ನು ಆರಂಭಿಸಿದ್ದರು. ಉಳಿದ ೩೨ ತಾಯಂದಿರಲ್ಲಿ ಒಬ್ಬಳೂ ಇಲ್ಲ. ೧೯೭೧ರ ಈ ಪ್ರಬಂಧದಲ್ಲಿ ಅನ್ವಯವ್ಯತಿರೇಕಗಳೆರಡೂ ಒಂದುಗೂಡಿದುವು. ಆ ವರ್ಷವೇ ಅಮೆರಿಕದ ಸರ್ಕಾರವು ಗರ್ಭಿಣಿಯರಿಗೆ ಇದನ್ನು ಕೊಡಕೂಡದೆಂದು ಎಚ್ಚರಿಸಿತು.

ಭ್ರೂಣದ ಯೋನಿಯಲ್ಲಿ ಮೊದಲಿರುವ ಗ್ರಂಥಿರೂಪದ ಒಳಪದರವು ಕ್ರಮವಾಗಿ ಚಪ್ಪಟೆ ಕೋಶಗಳ ಪದರಕ್ಕೆ ಎಡೆಗೊಡಬೇಕು. ಔಷಧವು ಈ ಮಾರ್ಪಾಟನ್ನು ಕೆಡಿಸುವುದರಿಂದ ಗ್ರಂಥಿಭಾಗಗಳು ಅಲ್ಲಲ್ಲಿ ಉಳಿಯುತ್ತವೆ. ಈ ಅರ್ಬುದವು ಬರುವುದು ಔಷಧಸ್ಪರ್ಶವಾದ ಹೆಣ್ಣುಮಕ್ಕಳಲ್ಲಿ ಸುಮಾರು ಸಾವಿರಕ್ಕೆ ಒಬ್ಬಳಿಗೆ ಮಾತ್ರ. ಹೆಚ್ಚಾಗಿ ಇಪ್ಪತ್ತರ ಆಸುಪಾಸಿನಲ್ಲಿ. ಆದರೆ ನಡುವಯಸ್ಸಿನಲ್ಲಿ ಕಂಡದ್ದೂ ಉಂಟು. ಗರ್ಭಕೋಶದ ಕೊರಳಿನಲ್ಲಿ ಅರ್ಬುದಕ್ಕೆ ಪೂರ್ವಭಾವಿಯಾದ ವಿಕಾರಗಳು ಇವರಲ್ಲಿ ಇತರರಿಗಿಂತ ಸುಮಾರು ಇಮ್ಮಡಿಯೆಂದು ೨೦೧೧ರಲ್ಲಿ ಪ್ರಕಟವಾದ ದೀರ್ಘಾವಲೋಕನವು ತೋರಿಸಿತು. ೧೯೭೧ಕ್ಕೆ ಮುಂಚೆ ಅಮೆರಿಕದಲ್ಲಿ ಹೀಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಈಗ ಐವತ್ತು ಕಳೆದಿದೆ. ತಾಯಿ ಆ ಗುಳಿಗೆಯನ್ನು ನುಂಗಿದಳೋ ಇಲ್ಲವೋ ಎಂಬುದನ್ನು ತಿಳಿದು, ವೈದ್ಯರಿಗೆ ಹೇಳಿ, ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳುವುದು ಅವರಿಗೆ ಇಂದಿಗೂ ವಿಹಿತವಾಗಿದೆ.