ಸಣ್ಣ ಹಿತ್ತಲಿಗೊಂದು ಮಾವು, ಅದರ ನೆರೆಗೆ ಮಲ್ಲಿಗೆ

ಸ್ಥಳವು ಸಂಕುಚಿತವೆಂಬ ಕಾರಣದಿಂದ ಮಾವಿನ ಆಸೆಯನ್ನು ತೊರೆದ ಗೃಹಸ್ಥರು, ಬಂಗನಪಲ್ಲಿ ಮತ್ತು ಬಾದಾಮಿಗಳ ಸಂಕರದಿಂದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಜನ್ಮತಳೆದ, ಕುಬ್ಜಕಾಯದ ‘ಅರ್ಕಾ ಅರುಣ’ ತಳಿಯನ್ನು ಅವಶ್ಯವಾಗಿ ಪರಿಗಣಿಸಬೇಕು.

ಮುಂಗಾರಿಗೆ ಮುನ್ನ ಉದ್ದ, ಅಗಲ, ಆಳಗಳಲ್ಲಿ 3 ಅಡಿಯ ಗುಂಡಿಯನ್ನು ತೋಡಿ, ಕೆಲವು ದಿನ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿನೊಡನೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಿ, ಮೊದಲ ಮಳೆಗಳು ನೆಲವನ್ನು ತೋಯಿಸಿದ ಬಳಿಕ, ಕಸಿಯ ಗಂಟು ಮಣ್ಣಿಗಿಂತ ಮೇಲಿರುವಂತೆ ಸಸಿಯನ್ನು ನೆಡತಕ್ಕದ್ದು. ಆ ಗಂಟಿನ ಕೆಳಗೆ ಹೊರಡುವ ಚಿಗುರು ಬುಡದ ಕಾಡುಗಿಡದ್ದಾದುದರಿಂದ, ಮೇಲಣ ಕಸಿಯ ಆಹಾರವನ್ನು ಅದು ಅಪಹರಿಸದಂತೆ ಕಂಡೊಡನೆಯೇ ಚಿವುಟಬೇಕು. ಮೊದಲ ಎರಡು ಮೂರು ವರ್ಷ ಬರುವ ಹೂಗೊಂಚಲುಗಳನ್ನು ತೆಗೆಯುವುದು ಮನಸ್ಸಿಗೆ ಕಠಿನವೆನಿಸಿದರೂ, ಗಿಡವು ಬಲಿಯಲು ಅದು ಅಗತ್ಯ. ಮುಂದೆ ಫಲಕ್ಕೆಂದು ಹೂವನ್ನು ಉಳಿಸಿಕೊಂಡಾಗ, ಮಾವಿನ ಪರಾಗಸ್ಪರ್ಶವು ಬಹುಮಟ್ಟಿಗೆ ನೊಣ ಮೊದಲಾದ ಕೀಟಗಳಿಂದಲೇ ನಡೆಯುವುದರಿಂದ, ಆ ದಿನಗಳಲ್ಲಿ ಕೀಟನಾಶಕವನ್ನು ಸಿಂಪಡಿಸಲಾಗದು.

ಇನ್ನು ಮಲ್ಲಿಗೆಯ ವಿಚಾರ. ಮರದ ನೆರಳು ಸೋಕದ ಬಿಸಿಲಿನಲ್ಲಿ ಅದನ್ನು ನೆಟ್ಟು, ಚಳಿಗಾಲದಲ್ಲಿ ನೀರನ್ನು ಕಡಮೆಮಾಡಿ ಹಳೆಯ ರೆಂಬೆಗಳನ್ನು ಸವರಿ, ಅನಂತರ ಗೊಬ್ಬರವನ್ನೂ ನೀರನ್ನೂ ಕೊಟ್ಟುದಾದರೆ, ಹೂವು ಹೊಸ ಚಿಗುರಿನಲ್ಲಿ ಮೂಡುವ ಸ್ವಭಾವದ್ದಾದುದರಿಂದ, ಬೇಸಿಗೆಯಲ್ಲಿ ಮೊಗ್ಗು ಸಮೃದ್ಧವಾಗಿ ಬರುವುದು.

ಒಂದು ಹಣ್ಣಿನ ಮರವೂ ಒಂದು ಹೂವಿನ ಗಿಡವೂ ಮನೆಯ ಮಕ್ಕಳಿಗೆ ಋತುಗಳನ್ನು ಪರಿಚಯಿಸುವ ಗುರುಗಳೆಂದು ನಾನು ನಂಬುತ್ತೇನೆ. ಆದುದರಿಂದ ಮಳೆಗೆ ಮೊದಲೇ ಗುಂಡಿಯನ್ನು ಸಿದ್ಧಪಡಿಸಿ, ವಿಶ್ವಾಸಾರ್ಹವಾದ ನರ್ಸರಿಯಿಂದ ಕಸಿ ಸಸಿಯನ್ನೇ ತಂದು ನೆಡಿರಿ.